ಬಿಡಿ ಚಿತ್ರಕಥೆ ಮತ್ತು ಅದರಿಂದ ಬೆಳೆದ ಮಾಲೆ

ಬಿಡಿ ಚಿತ್ರಕಥೆ: ಚೌಕಟ್ಟಿನೊಳಗಿನ ಚಿತ್ರಗಳ ಸಾಲು ಮತ್ತು ಪಾತ್ರಗಳ ಬಾಯಿಂದ ಹೊರಟಂತೆ ಬರೆದ ಮಾತಿನ ಗುಳ್ಳೆಗಳ ಮೂಲಕ ಒಂದೇ ಸಂಚಿಕೆಯಲ್ಲಿ ಆರಂಭಗೊಂಡು ಅದರಲ್ಲೇ ಮುಕ್ತಾಯವಾಗುವ ಕಥನಪ್ರಕಾರ. ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಎಂದೂ, ಅವುಗಳಲ್ಲಿ ಒಂದೇ ಓದಿಗೆ ಮುಗಿಯುವಂಥವಕ್ಕೆ ಯೊಮಿಕಿರಿ ಎಂದೂ ಹೆಸರು. ಇಂಥ ಬಿಡಿಕಥೆಯೊಂದು ಓದುಗರ ಮೆಚ್ಚುಗೆ ಗಳಿಸಿ, ಅದರ ನಾಯಕನೋ ಅದರ ಮೂಲ ಕಲ್ಪನೆಯೋ ಮುಂದೆ ಹತ್ತಾರು ಸಂಪುಟಗಳ ದೀರ್ಘಕೃತಿಯಾಗಿ ಬೆಳೆದ ನಿದರ್ಶನಗಳು ಜಪಾನಿನಲ್ಲಿ ವಿಪುಲವಾಗಿವೆ. ಕರ್ನಾಟಕದಲ್ಲಿ ಇದಕ್ಕೆ ತೀರ ಸಮೀಪದ ಪ್ರಸಂಗವೆಂದರೆ 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಹೊರಟ ಅಮರ ಚಿತ್ರಕಥೆಯ ಮೊದಲ ಪುಸ್ತಿಕೆಗಳು. ಇಂಗ್ಲಿಷಿನಲ್ಲಿಯೂ ಇತರ ಭಾರತೀಯ ಭಾಷೆಗಳಲ್ಲಿಯೂ 400ಕ್ಕೂ ಹೆಚ್ಚು ಶೀರ್ಷಿಕೆಗಳಾಗಿ ಹಬ್ಬಿದ ಮಾಲೆಗೆ ದಾರಿ ಮಾಡಿಕೊಟ್ಟದ್ದು ಆ ಪುಸ್ತಿಕೆಗಳೇ.

ವಿಷಯದ ಚರ್ಚೆಗೆ ಮೊದಲು ಎರಡು ಪ್ರಕಾರಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಅವಶ್ಯ. ಒಂದು ಸಂಚಿಕೆ ನಿಲ್ಲಿಸಿದ ಕಡೆಯಿಂದ ಮುಂದಿನ ಸಂಚಿಕೆ ಕಥೆಯನ್ನು ಎತ್ತಿಕೊಳ್ಳುವ ರಚನೆ ಧಾರಾವಾಹಿ. ಪ್ರತಿಯೊಂದು ಸಂಚಿಕೆಯೂ ತನ್ನಷ್ಟಕ್ಕೆ ಪೂರ್ಣವಾಗಿದ್ದು, ಒಂದು ಹೆಸರು, ಒಂದು ಆಕಾರ, ಒಂದು ಸಂಪಾದಕೀಯ ದೃಷ್ಟಿಯಿಂದ ಮಾತ್ರ ಒಂದಕ್ಕೊಂದು ಬೆಸೆದುಕೊಂಡಿರುವ ರಚನೆ ಮಾಲೆ. ಜಪಾನಿನ ಬಿಡಿಕಥೆ ಸಾಮಾನ್ಯವಾಗಿ ಧಾರಾವಾಹಿಗೆ ಜನ್ಮ ಕೊಡುತ್ತದೆ. ಬೆಂಗಳೂರಿನ ಬಿಡಿಕಥೆಗಳು ಜನ್ಮ ಕೊಟ್ಟದ್ದು ಮಾಲೆಗೆ, ಮತ್ತು ಆ ಮಾಲೆಯೊಳಗಿಂದ ಎರಡು ದಶಕಗಳ ತರುವಾಯ ಒಂದು ಧಾರಾವಾಹಿ ಮೂಡಿತು. ಎರಡೂ ಕಡೆ ಬಿಡಿಕಥೆಯು ಒಂದು ಪರೀಕ್ಷೆಯೇ ಆಗಿದ್ದರೂ ಪರೀಕ್ಷೆಗೆ ಒಳಗಾದ ವಸ್ತು ಒಂದೇ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಜಪಾನಿನ ಪದ್ಧತಿ

ಜಪಾನಿನ ಚಿತ್ರಕಥಾ ಪತ್ರಿಕೆಗಳು ನೂರಾರು ಪುಟಗಳ ದಪ್ಪ ಸಂಚಿಕೆಗಳಾಗಿ ಹೊರಬರುತ್ತವೆ. ಒಂದೊಂದರಲ್ಲೂ ಹಲವಾರು ಧಾರಾವಾಹಿಗಳು ಏಕಕಾಲಕ್ಕೆ ನಡೆಯುತ್ತಿದ್ದು, 1968ರಲ್ಲಿ ಆರಂಭವಾದ ಶೋನೆನ್ ಜಂಪ್ ಪತ್ರಿಕೆಯಂತೂ ಸಂಚಿಕೆಯೊಂದಿಗೆ ಅಂಚೆ ಕಾರ್ಡನ್ನು ಸೇರಿಸಿ, ಇಷ್ಟವಾದ ಕಥೆಗಳನ್ನು ಸೂಚಿಸುವಂತೆ ಓದುಗರನ್ನು ಕೇಳುವ ಪದ್ಧತಿಯನ್ನು ಬಲವಾಗಿ ರೂಢಿಸಿತು. ಕಾರ್ಡುಗಳಲ್ಲಿ ಹಿಂದೆ ಬಿದ್ದ ಧಾರಾವಾಹಿಯನ್ನು ನಿಲ್ಲಿಸಿ ಆ ಜಾಗಕ್ಕೆ ಹೊಸದನ್ನು ತರುವ ಈ ಕಠಿಣ ವ್ಯವಸ್ಥೆಯಲ್ಲಿ ಹೊಸ ಲೇಖಕನಿಗೆ ನೇರವಾಗಿ ದೀರ್ಘಕಥೆಯನ್ನು ಒಪ್ಪಿಸುವುದು ಪ್ರಕಾಶಕರಿಗೆ ಅಪಾಯಕರವಾಗಿ ಕಂಡದ್ದರಿಂದ, ಮೊದಲು ಸ್ಪರ್ಧೆಗೆ ಬಂದ ಬಿಡಿಕಥೆಯನ್ನೋ ವಿಶೇಷ ಸಂಚಿಕೆಗೆಂದು ಬರೆಸಿದ ಬಿಡಿಕಥೆಯನ್ನೋ ಅಚ್ಚುಹಾಕಿ ಓದುಗರ ಒಲವನ್ನು ಅಳೆಯುವುದು ವಾಡಿಕೆಯಾಯಿತು.

ಈ ವಾಡಿಕೆಯ ಪ್ರಸಿದ್ಧ ಫಲಗಳಲ್ಲಿ ಐಇಚಿರೊ ಓಡಾ ಅವರ ‘ಒನ್ ಪೀಸ್’ ಒಂದು. 1996ರಲ್ಲಿ ಅವರು ‘ರೊಮಾನ್ಸ್ ಡಾನ್’ ಎಂಬ ಒಂದೇ ಶೀರ್ಷಿಕೆಯಲ್ಲಿ ಎರಡು ಬಿಡಿಕಥೆಗಳನ್ನು ಪ್ರಕಟಿಸಿದ್ದರು. ಹುಲ್ಲಿನ ಟೋಪಿ ತೊಟ್ಟ, ಮೈಯನ್ನು ರಬ್ಬರಿನಂತೆ ಹಿಗ್ಗಿಸಬಲ್ಲ, ಕಡಲ್ಗಳ್ಳನಾಗಬೇಕೆಂಬ ಹಂಬಲದ ಹುಡುಗ ಅವೆರಡರಲ್ಲೂ ಇದ್ದಾನೆ. 1997ರ ಜುಲೈಯಲ್ಲಿ ಧಾರಾವಾಹಿ ಆರಂಭವಾದಾಗ ಅದರ ಮೊದಲ ಅಧ್ಯಾಯಕ್ಕೂ ಅದೇ ಶೀರ್ಷಿಕೆ ಉಳಿಯಿತು, ಮತ್ತು 2021ರಲ್ಲಿ ಆ ಕೃತಿ 100ನೆಯ ಸಂಪುಟವನ್ನು ಮುಟ್ಟಿತು. ಮಸಾಶಿ ಕಿಶಿಮೊಟೊ ಅವರ ‘ನರುಟೊ’ ಇದಕ್ಕಿಂತ ಭಿನ್ನವಾದ ಹಾದಿ ಹಿಡಿಯಿತು. 1997ರ ಬಿಡಿಕಥೆಯಲ್ಲಿ ನರುಟೊ ಮನುಷ್ಯರೂಪ ತಾಳಬಲ್ಲ ನರಿಯ ಕುಲದವನು; 1999ರಲ್ಲಿ ಆರಂಭವಾಗಿ 2014ರಲ್ಲಿ 700 ಅಧ್ಯಾಯಗಳಿಗೆ ಮುಗಿದ ಧಾರಾವಾಹಿಯಲ್ಲಾದರೋ ಅವನು ನರಿಯ ಶಕ್ತಿಯನ್ನು ಮೈಯೊಳಗೆ ಬಂಧಿಸಿಕೊಂಡ, ನಿಂಜಾ ಎಂಬ ಗುಪ್ತಯೋಧ ವಿದ್ಯೆಯನ್ನು ಕಲಿಯುವ ಮಾನವ ಬಾಲಕ. ಹೆಸರು ಮತ್ತು ಒಂಟಿತನ ಉಳಿದು ಲೋಕವೇ ಬದಲಾದ ಉದಾಹರಣೆ ಇದು. ತ್ಸುಗುಮಿ ಓಬಾ ಬರೆದು ತಕೇಶಿ ಒಬಾಟ ಚಿತ್ರಿಸಿದ ‘ಡೆತ್ ನೋಟ್’ 2003ರಲ್ಲಿ ಬಿಡಿಕಥೆಯಾಗಿ ಬಂದಾಗ ಅದರ ನಾಯಕ ಸಾಮಾನ್ಯ ಶಾಲಾಬಾಲಕನಾಗಿದ್ದು, ಹೆಸರು ಬರೆದರೆ ಆ ವ್ಯಕ್ತಿ ಸಾಯುವ ಪುಸ್ತಕವೊಂದೂ ಹಾಗೆ ಸತ್ತವರನ್ನು ಮರಳಿ ಬದುಕಿಸುವ ರಬ್ಬರೊಂದೂ ಕಥೆಯಲ್ಲಿದ್ದವು. ಅದೇ ವರ್ಷದ ಕೊನೆಗೆ ಆರಂಭವಾದ ಧಾರಾವಾಹಿಯಲ್ಲಿ ಆ ರಬ್ಬರು ಇಲ್ಲ, ಬಾಲಕನ ಬದಲು ಪ್ರತಿಭಾವಂತನೂ ಅಹಂಕಾರಿಯೂ ಆದ ತರುಣನಿದ್ದಾನೆ. ತಪ್ಪನ್ನು ಅಳಿಸುವ ಸಾಧನವನ್ನು ಕೈಬಿಟ್ಟದ್ದರಿಂದಲೇ ಕಥೆಗೆ 108 ಅಧ್ಯಾಯಗಳ ಭಾರ ಹೊರುವ ಗಾಂಭೀರ್ಯ ಬಂದಿತೆಂದು ಹೇಳಬಹುದು. ಬಿಡಿಕಥೆಗೆ ಒಪ್ಪುವ ಯುಕ್ತಿ ದೀರ್ಘಕಥೆಗೆ ಅಡ್ಡಿಯಾಗಬಲ್ಲದು.

ಯೊಶಿಟೊಕಿ ಓಯಿಮಾ ಅವರ ‘ಕೋಯೆ ನೊ ಕಟಾಚಿ’ಯ ಇತಿಹಾಸ ಇವೆಲ್ಲಕ್ಕಿಂತ ಹೃದಯಸ್ಪರ್ಶಿಯಾದುದು. ಕಿವಿ ಕೇಳದ ಬಾಲಕಿಯನ್ನು ತರಗತಿಯ ಹುಡುಗನೊಬ್ಬ ಪೀಡಿಸುವ ಈ ಬಿಡಿಕಥೆಗೆ 2008ರಲ್ಲಿ ಹೊಸ ಲೇಖಕರ ಪ್ರಶಸ್ತಿ ಬಂದಿತಾದರೂ ವಸ್ತು ಸೂಕ್ಷ್ಮವಾದುದೆಂಬ ಕಾರಣಕ್ಕೆ ಪ್ರಕಟಣೆ 2011ರವರೆಗೆ ತಡವಾಯಿತು; ಜಪಾನಿನ ಕಿವುಡರ ಒಕ್ಕೂಟದ ಅಭಿಪ್ರಾಯ ಪಡೆದೇ ಅದು ಅಚ್ಚಾಯಿತು. 2013ರಲ್ಲಿ ಮರುರೂಪದ ಬಿಡಿಕಥೆಯಾಗಿ, ಅದೇ ವರ್ಷ ಧಾರಾವಾಹಿಯಾಗಿ ಬಂದು ಏಳು ಸಂಪುಟಗಳಿಗೆ ಮುಗಿದ ಈ ಕೃತಿ ಹುಡುಗನ ಪಶ್ಚಾತ್ತಾಪಕ್ಕೂ ಹುಡುಗಿಯ ಒಳಬದುಕಿಗೂ ಬಿಡಿಕಥೆಯಲ್ಲಿ ಸಿಗದಿದ್ದ ಅವಕಾಶವನ್ನು ಒದಗಿಸಿತು. ಹಜಿಮೆ ಇಸಯಾಮ ಅವರ ‘ಶಿಂಗೆಕಿ ನೊ ಕ್ಯೊಜಿನ್’ ಕೂಡ 2006ರ ಸ್ಪರ್ಧೆಗೆ ಸಲ್ಲಿಸಿದ ಬಿಡಿಕಥೆಯಿಂದ ಹೊರಟು 2009ರಿಂದ 2021ರವರೆಗೆ 34 ಸಂಪುಟಗಳಾಗಿ ನಡೆಯಿತು. ಇಂಥ ಬೆಳವಣಿಗೆ ಜಪಾನಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ, ಕೊನೆಯ ಸಂಚಿಕೆಯನ್ನು ಹೊರತರುತ್ತಿದ್ದ ಒಂದು ಪತ್ರಿಕೆಯಲ್ಲಿ. ಮಾರಾಟದ ಲೆಕ್ಕ ಬಂದ ಮೇಲೆ 1963ರಲ್ಲಿ ಆತನ ಹೆಸರಿನದೇ ಪತ್ರಿಕೆ ಹೊರಟಿತು.

ಬೆಂಗಳೂರಿನ ಆರಂಭ

ಅಮರ ಚಿತ್ರಕಥೆಯ ಹುಟ್ಟನ್ನು ಕುರಿತು ಎರಡು ವೃತ್ತಾಂತಗಳು ಪ್ರಚಲಿತವಾಗಿವೆ. ಹೆಚ್ಚು ಪ್ರಸಿದ್ಧವಾದದ್ದು ಅದರ ಸಂಪಾದಕ ಅನಂತ ಪೈ (1929–2011) ಹೇಳುತ್ತಿದ್ದ ವೃತ್ತಾಂತ. ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದ ಪೈ ಅವರು 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿ ನಷ್ಟ ಅನುಭವಿಸಿದರು. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಸೇರಿ, 1964ರಲ್ಲಿ ಫ್ಯಾಂಟಮ್ ಕಥೆಗಳೊಂದಿಗೆ ಹೊರಟ ಇಂದ್ರಜಾಲ ಕಾಮಿಕ್ಸ್‌ನ ಕೆಲಸದಲ್ಲಿ ತೊಡಗಿದರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದದ್ದನ್ನು ಕಂಡು ಭಾರತೀಯ ಕಥೆಗಳ ಚಿತ್ರಮಾಲೆಯೊಂದನ್ನು ತರಬೇಕೆಂದು ಅವರು ನಿಶ್ಚಯಿಸಿದರೆಂದೂ, ಇಂಡಿಯಾ ಬುಕ್ ಹೌಸ್‌ನ ಜಿ.ಎಲ್. ಮೀರ್‌ಚಂದಾನಿ ಅದಕ್ಕೆ ಪ್ರಕಾಶಕರಾಗಿ ನಿಂತರೆಂದೂ ಈ ವೃತ್ತಾಂತ ತಿಳಿಸುತ್ತದೆ.

ಎರಡನೆಯ ವೃತ್ತಾಂತ ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ, ಮುಂದೆ ಐಬಿಎಚ್ ಪ್ರಕಾಶನದ ಮೂಲಕ ಕನ್ನಡ ಪುಸ್ತಕೋದ್ಯಮದಲ್ಲಿ ಹೆಸರಾದ ಜಿ.ಕೆ. ಅನಂತರಾಮ್ ಅವರು ನಂತರದ ವರ್ಷಗಳಲ್ಲಿ ಸ್ಪಷ್ಟವಾಗಿ ಹೇಳಿರುವಂತೆ, ಅಮರ ಚಿತ್ರಕಥೆ ಮೊದಲು ಪ್ರಕಟವಾದದ್ದು 1965ರಲ್ಲಿ, ಕನ್ನಡದಲ್ಲಿ. ಪಾಶ್ಚಾತ್ಯ ಮಕ್ಕಳ ಚಿತ್ರಕಥೆಗಳ ಸಿದ್ಧ ಚಿತ್ರಗಳನ್ನೇ ಬಳಸಿ, ಮಾತುಗಳನ್ನು ಮಾತ್ರ ಕನ್ನಡಕ್ಕೆ ತಂದು ಹೊರಡಿಸಿದ ಆ ಪುಸ್ತಿಕೆಗಳು ಚೆನ್ನಾಗಿ ಮಾರಾಟವಾದುದರಿಂದ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷ್ ಮಾಲೆಯ ಕಡೆಗೆ ಮನಸ್ಸು ಮಾಡಿತೆಂಬುದು ಅವರ ಮಾತಿನ ಸಾರ. ಇದಕ್ಕೆ ಮಾಲೆಯ ಕ್ರಮಸಂಖ್ಯೆಯೇ ಒತ್ತಾಸೆಯಾಗಿದೆ. ಅನಂತ ಪೈ ಬರೆದು ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’, ಭಾರತೀಯ ವಸ್ತುವುಳ್ಳ ಮೊದಲ ಸಂಚಿಕೆಯಾಗಿದ್ದರೂ ಅದರ ಕ್ರಮಸಂಖ್ಯೆ 11. ಅದಕ್ಕೆ ಹಿಂದಿನ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಅಲ್ಲಾವುದ್ದೀನನ ದೀಪ, ಪಿನೋಕಿಯೊ, ಹಿಮಶ್ವೇತೆ ಮತ್ತು ಏಳು ಕುಳ್ಳರು ಮುಂತಾದ ಹೊರನಾಡಿನ ಕಥೆಗಳಿಗೆ ಸಂದಿವೆ.

ಈ ಎರಡು ವೃತ್ತಾಂತಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಭಾರತೀಯ ವಸ್ತು, ಶೈಲಿ, ಸಂಪಾದಕೀಯ ಶಿಸ್ತು ಪೈ ಅವರ ಕೊಡುಗೆ. ಪ್ರಾಂತಭಾಷೆಯಲ್ಲಿ ಚಿತ್ರಕಥೆಗೆ ಕೊಳ್ಳುವ ಓದುಗರಿದ್ದಾರೆಂಬ ನಿಶ್ಚಯ ಬೆಂಗಳೂರಿನ ಕೊಡುಗೆ. ಜಪಾನಿನ ಬಿಡಿಕಥೆಯಲ್ಲಿ ಪರೀಕ್ಷೆಗೆ ಒಳಗಾಗುವುದು ಲೇಖಕನ ಪಾತ್ರಕಲ್ಪನೆಯಾದರೆ, 1965ರ ಕನ್ನಡ ಪುಸ್ತಿಕೆಗಳಲ್ಲಿ ಪರೀಕ್ಷೆಗೆ ಒಳಗಾದದ್ದು ಮಾರುಕಟ್ಟೆ. ಆ ಪರೀಕ್ಷೆಯಲ್ಲಿ ಕನ್ನಡ ಓದುಗ ಗೆದ್ದನು. ಆದರೆ ಕನ್ನಡ ಚಿತ್ರಕಾರನಿಗೂ ಕನ್ನಡ ಕಥೆಗಾರನಿಗೂ ಅದರಲ್ಲಿ ಪಾಲು ಇರಲಿಲ್ಲ, ಏಕೆಂದರೆ ಚಿತ್ರವೂ ಕಥೆಯೂ ಬೇರೆಲ್ಲಿಂದಲೋ ಬಂದಿದ್ದವು. ಕನ್ನಡದ ಅಗ್ರಸ್ಥಾನವನ್ನು ಹೆಮ್ಮೆಯಿಂದ ಸ್ಮರಿಸುವಾಗ ಈ ಮಿತಿಯನ್ನೂ ಜೊತೆಗೇ ಹೇಳುವುದು ನ್ಯಾಯ. ಮುಂದೆ ಮಾಲೆಯು ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್ ಮುಂತಾದ ಸಂಚಿಕೆಗಳ ಮೂಲಕ ಕರ್ನಾಟಕದ ವಸ್ತುವನ್ನು ಎತ್ತಿಕೊಂಡಿತಾದರೂ ಅವುಗಳ ರಚನಾಕೇಂದ್ರ ಮುಂಬಯಿಯೇ ಆಗಿತ್ತು.

ಮಾಲೆಯೊಳಗಿನ ಬಿಡಿಕಥೆ: ಮಹಾಭಾರತ

ಅಮರ ಚಿತ್ರಕಥೆಯ ಸಂಚಿಕೆ ವಾಡಿಕೆಯಂತೆ 32 ಪುಟಗಳದು. ಈ ಅಳತೆಯಲ್ಲಿ ಒಬ್ಬ ವ್ಯಕ್ತಿಯ ಹುಟ್ಟಿನಿಂದ ಸಾವಿನವರೆಗಿನ ಕಥೆಯನ್ನೋ ಒಂದು ಆಖ್ಯಾನವನ್ನೋ ಹೇಳಿ ಮುಗಿಸಬೇಕಾದುದರಿಂದ ಮಹಾಭಾರತದಂಥ ಆಕರಗ್ರಂಥವು ಮೊದಲಿಗೆ ಬಿಡಿಬಿಡಿಯಾಗಿ ಒಡೆದು ಬಂದಿತು. ಪಾಂಡವಕುಮಾರರು 13ನೆಯ ಸಂಖ್ಯೆಯಲ್ಲೇ ಬಂದರು. ನಳದಮಯಂತಿ, ಕರ್ಣ, ಅಭಿಮನ್ಯು, ಭೀಷ್ಮ, ದ್ರೌಪದಿ, ಘಟೋತ್ಕಚ ಒಬ್ಬೊಬ್ಬರಾಗಿ ಪ್ರತ್ಯೇಕ ಸಂಚಿಕೆಗಳ ನಾಯಕರಾದರು. ಹೀಗೆ ಒಡೆದಾಗ ಒಂದೊಂದು ಪಾತ್ರಕ್ಕೂ ಅದರ ಪಕ್ಷಪಾತವೆನ್ನಬಹುದಾದ ನೋಟ ದಕ್ಕುತ್ತದೆ. ಕರ್ಣನ ಸಂಚಿಕೆಯನ್ನು ಓದಿದ ಬಾಲಕ ಅರ್ಜುನನನ್ನು ಮೆಚ್ಚುವುದು ಕಷ್ಟ. ಪಂಪ, ಕುಮಾರವ್ಯಾಸರ ಕಾವ್ಯಗಳಲ್ಲಿ ಕರ್ಣನ ಕಡೆಗೆ ಹರಿಯುವ ಕರುಣೆಯನ್ನು ಬಲ್ಲ ಕನ್ನಡ ಓದುಗನಿಗೆ ಇದು ಅಪರಿಚಿತ ಅನುಭವವಲ್ಲ.

1985ರಲ್ಲಿ ಮಾಲೆ ಈ ಬಿಡಿಕಥೆಗಳ ಅನುಭವವನ್ನು ಬೆನ್ನಿಗಿಟ್ಟುಕೊಂಡು ಸಮಗ್ರ ಮಹಾಭಾರತವನ್ನು ಕ್ರಮವಾಗಿ ಹೇಳಲು ಆರಂಭಿಸಿ 42 ಸಂಚಿಕೆಗಳಲ್ಲಿ ಪೂರೈಸಿತು. ವೇದವ್ಯಾಸನಿಂದ ಮೊದಲಾಗುವ ಈ ಧಾರಾವಾಹಿಯ ಚಿತ್ರಕಾರರಲ್ಲಿ ದಿಲೀಪ್ ಕದಮ್ ಪ್ರಮುಖರು. ಬಿ.ಆರ್. ಚೋಪ್ರಾ ಅವರ ದೂರದರ್ಶನ ಮಹಾಭಾರತ ಪ್ರಸಾರವಾಗತೊಡಗಿದ್ದು 1988ರ ಅಕ್ಟೋಬರಿನಲ್ಲಿ. ಮುದ್ರಿತ ಚಿತ್ರಧಾರಾವಾಹಿ ಅದಕ್ಕಿಂತ ಮೂರು ವರ್ಷ ಮೊದಲೇ ಓದುಗರ ಕೈಸೇರತೊಡಗಿತ್ತೆಂಬುದು ನೆನಪಿಡತಕ್ಕ ಸಂಗತಿ. ಬಿಡಿ ಸಂಚಿಕೆಗಳು ಪಾತ್ರದ ಬೆನ್ನುಹತ್ತಿ ಹೋದರೆ ಧಾರಾವಾಹಿ ಘಟನೆಯ ಬೆನ್ನುಹತ್ತಿ ಹೋಗುತ್ತದೆ. ಆದಿಪರ್ವದ ಸಣ್ಣ ಸಣ್ಣ ಪ್ರಸಂಗಗಳಿಗೆ ಅಲ್ಲಿ ಉಸಿರಾಡುವ ಜಾಗ ಸಿಗುತ್ತದೆ.

ಕೈವಾರ ಮತ್ತು ವಿದುರಾಶ್ವತ್ಥ

ಆದಿಪರ್ವದ ಅಂಥ ಒಂದು ಪ್ರಸಂಗಕ್ಕೂ ವಿದುರನ ಹೆಸರಿನ ಐತಿಹ್ಯವೊಂದಕ್ಕೂ ಚಿಕ್ಕಬಳ್ಳಾಪುರ ಸೀಮೆಯಲ್ಲಿ ನೆಲೆಯಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದ ಚಿಂತಾಮಣಿ ತಾಲ್ಲೂಕಿನ ಕೈವಾರವು, ಸ್ಥಳಪುರಾಣದ ಪ್ರಕಾರ, ಅರಗಿನ ಮನೆಯಿಂದ ಪಾರಾದ ಪಾಂಡವರು ಬ್ರಾಹ್ಮಣ ವೇಷದಲ್ಲಿ ತಂಗಿದ್ದ ಏಕಚಕ್ರಪುರ. ಸರದಿಯ ಮೇಲೆ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಬಕಾಸುರನಿಗೆ ಕಳುಹಿಸಬೇಕಾದ ಊರಿನಲ್ಲಿ ಆಶ್ರಯ ಕೊಟ್ಟ ಮನೆಯ ಸರದಿ ಬಂದಾಗ ಕುಂತಿ ಭೀಮನನ್ನು ಕಳುಹಿಸುವುದು, ಭೀಮ ಆ ಅನ್ನವನ್ನು ತಾನೇ ಉಂಡು ರಾಕ್ಷಸನನ್ನು ಕೊಲ್ಲುವುದು ಪ್ರಸಿದ್ಧ ಕಥೆ. ಇಲ್ಲಿಯ ಭೀಮಲಿಂಗೇಶ್ವರ ದೇವಾಲಯ ಮತ್ತು ಊರ ಬೆಟ್ಟವನ್ನು ಜನರು ಆ ಕಥೆಗೆ ಸಾಕ್ಷಿಯಾಗಿ ತೋರಿಸುತ್ತಾರೆ. ಭಾರತದ ಬೇರೆ ಕೆಲವು ಊರುಗಳಿಗೂ ಏಕಚಕ್ರಪುರವೆಂಬ ಐತಿಹ್ಯವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರ ನೆಟ್ಟ ಅಶ್ವತ್ಥವೃಕ್ಷದಿಂದ ಊರಿಗೆ ಆ ಹೆಸರು ಬಂದಿತೆಂಬ ನಂಬಿಕೆಯಿದ್ದು, 1938ರ ಏಪ್ರಿಲ್ 25ರಂದು ಅಲ್ಲಿಯೇ ಧ್ವಜ ಸತ್ಯಾಗ್ರಹದಲ್ಲಿ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆದು ಹಲವರು ಪ್ರಾಣ ತೆತ್ತರು.

ಬಕವಧೆಯು ಬಿಡಿ ಚಿತ್ರಕಥೆಯ ಲಕ್ಷಣಗಳನ್ನೆಲ್ಲ ಸಹಜವಾಗಿಯೇ ಹೊಂದಿರುವ ಪ್ರಸಂಗ. ಆಪತ್ತು, ಅತಿಥಿಯ ಋಣ, ತಾಯಿಯ ತೀರ್ಮಾನ, ಊಟದ ಹಾಸ್ಯ, ಕಾಳಗ ಮತ್ತು ಊರಿನ ಬಿಡುಗಡೆ ಇಷ್ಟೂ ಅದರೊಳಗೇ ಮುಗಿಯುವುದರಿಂದ ಓದುಗನಿಗೆ ಹಿಂದಿನ ಕಥೆಯೂ ಮುಂದಿನ ಕಥೆಯೂ ತಿಳಿದಿರಬೇಕಾಗಿಲ್ಲ. ಆದರೂ ವೇಷ ಮರೆಸಿಕೊಂಡ ಐವರು ಅಣ್ಣತಮ್ಮಂದಿರು ಯಾರು, ಅವರು ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಕುತೂಹಲ ಉಳಿದು, ದ್ರೌಪದೀ ಸ್ವಯಂವರದ ಕಡೆಗೆ ಬಾಗಿಲು ತೆರೆದೇ ಇರುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಯುವ ಬಯಲಾಟದ ಪ್ರಸಂಗವಾಗಿಯೂ ಈ ಕಥೆ ಒಪ್ಪುವುದಕ್ಕೆ ಇದೇ ಕಾರಣ. ಬಿಡಿಕಥೆಯು ಮುಂದುವರಿಯಬಲ್ಲ ಕಥೆಯಾಗಲು ಬೇಕಾದ ಗುಣ ಇದು: ಘಟನೆ ಪೂರ್ಣವಾಗಬೇಕು, ಪಾತ್ರಗಳ ಬದುಕು ಮಾತ್ರ ಪೂರ್ಣವಾಗಬಾರದು. ವಿದುರಾಶ್ವತ್ಥದ ಗೋಲಿಬಾರಾದರೋ ಇದಕ್ಕೆ ವಿರುದ್ಧವಾದ ಗುಣದ್ದು. ಅದನ್ನು ಚಿತ್ರಕಥೆಯಾಗಿಸುವವರು ಮೈಸೂರು ಸಂಸ್ಥಾನದ ಹಿನ್ನೆಲೆಯನ್ನೂ ಧ್ವಜ ಹಾರಿಸುವ ಹಕ್ಕಿನ ವಿವಾದವನ್ನೂ ಮೊದಲು ವಿವರಿಸಬೇಕಾದುದರಿಂದ ಅದು ಆರಂಭದಿಂದಲೇ ಹಲವು ಸಂಚಿಕೆಗಳನ್ನು ಬೇಡುತ್ತದೆ.

ಸುಪ್ಪಂಡಿ

ಜಪಾನಿನ ಮಾದರಿಗೆ ಅತ್ಯಂತ ನಿಕಟವಾದ ಭಾರತೀಯ ಉದಾಹರಣೆ ಇದೇ ಬಳಗದಿಂದ ಬಂದಿದೆ. ಅನಂತ ಪೈ ಅವರು 1980ರ ನವೆಂಬರಿನಲ್ಲಿ ಆರಂಭಿಸಿದ ಟಿಂಕಲ್ ಪತ್ರಿಕೆಗೆ ತಿರುಚಿರಾಪಳ್ಳಿಯ ಓದುಗರೊಬ್ಬರು ತಮಿಳು ಜನಪದ ಮೂಲದ ಪೆದ್ದ ಸೇವಕನ ಕಥೆಗಳನ್ನು ಕಳುಹಿಸಿದರು. ‘ಕೃಷ್ಣ’ವನ್ನು ಚಿತ್ರಿಸಿದ ರಾಮ್ ವಾಯೀರ್ಕರ್ ಅವರೇ ಆ ಸೇವಕನಿಗೆ ಉದ್ದ ತಲೆ, ಚೂಪು ಗಲ್ಲದ ರೂಪ ಕೊಟ್ಟರು. 1983ರ ಜನವರಿಯಲ್ಲಿ ಅಚ್ಚಾದ ಆ ಕಥೆಗಳಿಂದ ಸುಪ್ಪಂಡಿ ಎಂಬ ಸ್ಥಿರಪಾತ್ರ ನಿಂತು ಇಂದಿನವರೆಗೂ ಮುಂದುವರಿದಿದೆ. ಓದುಗನ ಒಲವು ಕಾರ್ಡಿನ ಮೂಲಕ ಅಲ್ಲದೆ ಕಥೆಯ ರೂಪದಲ್ಲೇ ಬಂದದ್ದು ಈ ಪ್ರಸಂಗದ ವಿಶೇಷ.

ಕನ್ನಡದ ಪತ್ರಿಕಾನೆಲೆ

ಬಿಡಿಕಥೆಯಿಂದ ದೀರ್ಘಕಥೆ ಬೆಳೆಯಬೇಕಾದರೆ ಅದನ್ನು ಅಚ್ಚುಹಾಕಿ, ಓದುಗರ ಅಭಿಪ್ರಾಯ ತಿಳಿದು, ಮತ್ತೆ ಲೇಖಕನಿಂದ ಬರೆಸುವ ನಿಯತಕಾಲಿಕೆ ಇರಬೇಕು. ಕನ್ನಡದ ಮಕ್ಕಳು ಬಹುಕಾಲ ಓದಿದ ಸಚಿತ್ರ ಪತ್ರಿಕೆಗಳು ಬೇರೆಡೆ ರೂಪುಗೊಂಡವು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂದ ಚಂದಮಾಮ ಮದರಾಸಿನದು. ಅದರ ಬೇತಾಳ ಕಥೆಗಳು ಒಂದೊಂದೂ ಪೂರ್ಣವಾಗಿದ್ದು, ಶಂಕರ್ ಎಂದು ಹೆಸರಾದ ಕೆ.ಸಿ. ಶಿವಶಂಕರನ್ ಅವರ ಚಿತ್ರಗಳಿಂದ ಮನೆಮಾತಾದರೂ, ಅವು ಚೌಕಟ್ಟುಗಳ ಚಿತ್ರಕಥೆಗಳಾಗಿರದೆ ಚಿತ್ರ ಕೂಡಿದ ಗದ್ಯಕಥೆಗಳಾಗಿದ್ದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯವಾಗಿರುವ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಂಥ ಊರುಗಳಲ್ಲಿ ಚಿತ್ರವು ಎರಡು ಭಾಷೆಗಳ ನಡುವಿನ ಅಂತರವನ್ನು ತಗ್ಗಿಸುವುದರಿಂದ ಇಂಥ ಓದಿಗೆ ಹೆಚ್ಚಿನ ಬೆಲೆಯಿದೆ. ಡಿಂಗ ಎಂಬ ಪಾತ್ರದಿಂದ ಜನಪ್ರಿಯವಾದ ಬಾಲಮಂಗಳದ ಮೂಲವೂ ಮಲಯಾಳಂ. ಓದುಗರ ಕೊರತೆ ಕನ್ನಡಕ್ಕೆ ಎಂದೂ ಇರಲಿಲ್ಲವೆಂದು 1965ರ ಪುಸ್ತಿಕೆಗಳೂ ಈ ಪತ್ರಿಕೆಗಳೂ ಸಾಬೀತು ಮಾಡಿವೆ. ಕೊರತೆಯಾದದ್ದು ಕನ್ನಡದ ಕಥೆಗಾರನನ್ನೂ ಚಿತ್ರಕಾರನನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಒಂದು ಕಥೆ ಸೋತರೂ ಮತ್ತೊಂದನ್ನು ಬರೆಸುವಷ್ಟು ತಾಳ್ಮೆಯಿದ್ದ ಪ್ರಕಾಶನ.

ಕನ್ನಡದ ಆ ಮೊದಲ ಪುಸ್ತಿಕೆಗಳು ಭಾರತೀಯ ಚಿತ್ರಕಥೆಯ ಇತಿಹಾಸಕ್ಕೆ ಮೂಲ ದಾಖಲೆಗಳು. ಅವುಗಳ ಪ್ರತಿಗಳನ್ನು ಕಲೆಹಾಕಿ, ಪ್ರಕಟಣೆಯ ದಿನಾಂಕ ಮತ್ತು ಅನುವಾದಕರ ಹೆಸರುಗಳೊಂದಿಗೆ ಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳೂ ವಿಶ್ವವಿದ್ಯಾನಿಲಯಗಳೂ ಕೈಗೆತ್ತಿಕೊಳ್ಳಬೇಕು. ಹಳೆಯ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಗಳಲ್ಲಿ ಅಂಥ ಪ್ರತಿಗಳನ್ನು ಉಳಿಸಿಕೊಂಡಿರುವವರು ಅವನ್ನು ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೆ ಒಪ್ಪಿಸಬೇಕು.